ಎಡಕ್ಕೆ ಹೊಲಿದ ಕಿಲ್ಟು

ಅಮ್ಮನದು ಬೆಕ್ಕಿನ ಕಣ್ಣು. ಚಿಕ್ಕಂದಿನಲ್ಲಿ ನಾನು ಅದರ ಬಗ್ಗೆ ತಲೆ ಕೆಡಿಸಿಕೊಂಡವನೇ ಅಲ್ಲ. ಕೆಲವರ ಅಮ್ಮಂದಿರಿಗೆ ಉಬ್ಬುಹಲ್ಲು, ಕೆಲವರ ಅಮ್ಮಂದಿರಿಗೆ ಗುಂಗುರು ಕೂದಲು, ನಮ್ಮಮ್ಮನಿಗೆ ಬೆಕ್ಕಿನ ಕಣ್ಣು, ಅಷ್ಟೇ. ಬಿಸಿಲಿಗೆ ಹೋದರೆ ಅವಳ ಮುಖ ಕೆಂಪೇರಿ ಮೂಗಿನ ಮೇಲೆ ಕಂದು ಚುಕ್ಕೆಗಳು ಏಳುತ್ತಿದ್ದವು. ಹಾಗಾಗಿ ಬೇಸಿಗೆಯಲ್ಲಿ ಸಂತೆಗೆ ಹೋಗುವಾಗ ತಲೆ ತುಂಬ ಸೆರಗು ಹೊದೆಯುತ್ತಿದ್ದಳು. ನಿನ್ನ ಅಪ್ಪ ಅಮ್ಮ ಯಾರು ಎಂದು ಒಂದೆರಡು ಸಲ ಕೇಳಿದ್ದೆ. ನಾನು ಸಿಸ್ಟರುಗಳ ಹತ್ತಿರ ಬೆಳೆದವಳು ಎನ್ನುತ್ತಿದ್ದಳು. ಅನಾಥಾಲಯದಲ್ಲಿ ಬೆಳೆದವರಿಗೆ ಹಿಂದಿನ ಕತೆ ಇರುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡು ಸುಮ್ಮನಾದೆ.

ಈಗ ಕುಳಿತು ಇದನ್ನು ಬರೆಯುವುದಕ್ಕೆ ಒಂದೇ ಕಾರಣವಿದೆ. ಅಮ್ಮನ ಬಾಯಿಂದ ನಾನು ತಿಳಿದುಕೊಳ್ಳಬೇಕಾಗಿದ್ದುದು ಒಂದೇ ಒಂದು ಹೆಸರು, ಅವಳನ್ನು ಹೆತ್ತವಳ ಹೆಸರು. ಅದೊಂದನ್ನು ಬಿಟ್ಟು ಪ್ರಪಂಚದ ಎಲ್ಲವನ್ನೂ ತಿಳಿದುಕೊಂಡೆ.

ಅಪ್ಪ ತೀರಿಕೊಂಡ ವರ್ಷ, ತೊಂಬತ್ತೆಂಟರಲ್ಲಿ, ಅಮ್ಮನನ್ನು ದುಬೈಗೆ ಕರೆಸಿಕೊಳ್ಳಲು ಓಡಾಡತೊಡಗಿದೆ. ನಾನು ಆಗ ಅಲ್ಯೂಮಿನಿಯಂ ಕಿಟಕಿ ಮಾಡುವ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್. ಹೆಂಡತಿ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಬರ್ ದುಬೈಯಲ್ಲಿ ಬಟ್ಟೆ ಅಂಗಡಿಗಳ ಸಾಲಿನ ಹಿಂದೆ, ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅಮ್ಮನಿಗೆ ಪಾಸ್‌ಪೋರ್ಟ್ ಮಾಡಿಸಬೇಕು, ಅದಕ್ಕೆ ಹುಟ್ಟಿದ ದಾಖಲೆ ಬೇಕು, ಅವಳ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ಅವಳು ಬೆಳೆದ ಅನಾಥಾಲಯದ ಚರ್ಚಿಗೆ ನಾನೇ ಕಾಗದ ಬರೆದೆ. ಎರಡು ತಿಂಗಳ ಮೇಲೆ ಅವಳ ಜ್ಞಾನಸ್ನಾನದ ದಾಖಲೆಯ ನಕಲು ಕಂಪನಿಯ ಪೋಸ್ಟ್ ಬಾಕ್ಸಿಗೆ ಬಂತು.

ತಂದೆಯ ಜಾಗದಲ್ಲಿ ಒಬ್ಬ ದೊರೆಯ ಹೆಸರಿತ್ತು. ಮೂರು ಪದಗಳ ಉದ್ದದ ಹೆಸರು, ಪಕ್ಕದಲ್ಲಿ ಕಾಫಿ ಪ್ಲಾಂಟರ್ ಎಂದೂ ಸ್ಕಾಟ್ಲೆಂಡಿನ ಒಂದು ಊರೂ ಇದ್ದವು. ತಾಯಿಯ ಜಾಗದಲ್ಲಿ ಹೆಸರಿರಲಿಲ್ಲ. ಇಲ್ಲಿಯ ಹೆಂಗಸು ಎನ್ನುವ ಅರ್ಥದ ಎರಡು ಇಂಗ್ಲಿಷ್ ಪದಗಳಿದ್ದವು. ನಾನು ಆ ಎರಡು ಪದಗಳ ಮೇಲೆ ಸುಮ್ಮನೆ ಕಣ್ಣಾಡಿಸಿ ಮತ್ತೆ ಮೇಲಿನ ಸಾಲಿಗೆ ವಾಪಸಾದೆ. ಆ ಮೇಲಿನ ಸಾಲನ್ನು ಅವತ್ತು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನ ತಪ್ಪು ಶುರುವಾದದ್ದು ಅಲ್ಲೇ.

ಗಲ್ಫಿನಲ್ಲಿ ಹತ್ತು ವರ್ಷ ಕಳೆದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಅಲ್ಲಿ ಮನುಷ್ಯನಿಗಿಂತ ಮೊದಲು ಅವನ ಪಾಸ್‌ಪೋರ್ಟು ಬಾಗಿಲೊಳಗೆ ಬರುತ್ತದೆ. ನಾನು ಬರೆದ ನಕ್ಷೆಗೆ ಸಹಿ ಹಾಕುವವನ ಪಾಸ್‌ಪೋರ್ಟು ಬೇರೆ ಬಣ್ಣದ್ದು, ಆ ಬಣ್ಣಕ್ಕೆ ವಿಲ್ಲಾ, ಕಾರು, ಮಕ್ಕಳ ಸ್ಕೂಲು ಎಲ್ಲ ಸೇರಿರುತ್ತಿತ್ತು. ಇದರ ಬಗ್ಗೆ ಗೊಣಗುವುದನ್ನೂ ನಾವು ಬಿಟ್ಟಿದ್ದೆವು. ಅಂಥದರಲ್ಲಿ ನನ್ನ ಮೈಯಲ್ಲೂ ಕಾಲುಭಾಗ ಆ ಬಣ್ಣವಿದೆ ಎಂದು ಒಂದು ಕಾಗದ ಹೇಳಿಬಿಟ್ಟಿತು. ಹುಚ್ಚು ಹಿಡಿಯದೆ ಏನಾಗುತ್ತದೆ.

ನನ್ನ ಮ್ಯಾನೇಜರ್ ಸ್ಕಾಟ್ಲೆಂಡಿನವನು. ಮಾತು ಕಡಿಮೆ, ಮನುಷ್ಯ ಒಳ್ಳೆಯವನು. ಕಾಗದವನ್ನು ಅವನಿಗೆ ತೋರಿಸಿದೆ. ಅವನು ಎದ್ದು ನಿಂತು ಮೇಜಿನ ಆಚೆಯಿಂದ ಕೈ ಚಾಚಿ ನನ್ನ ಕೈ ಕುಲುಕಿದ. ಐದು ವರ್ಷದಲ್ಲಿ ಅವನು ನನಗಾಗಿ ಎದ್ದು ನಿಂತದ್ದು ಅದೇ ಮೊದಲು. ಊರಿನಲ್ಲಿದ್ದ ಅವನ ಚಿಕ್ಕಮ್ಮನಿಗೆ ವಂಶಾವಳಿ ಹುಡುಕುವ ಹವ್ಯಾಸವಂತೆ, ಅವಳಿಗೆ ಫ್ಯಾಕ್ಸ್ ಮಾಡಿದ. ಆ ಮುದುಕಿ ಚರ್ಚುಗಳ ದಾಖಲೆ ತೆಗೆಸಿ, ಸ್ಮಶಾನದ ಕಲ್ಲುಗಳನ್ನು ಓದಿ, ಆರೇ ತಿಂಗಳಲ್ಲಿ ನನ್ನ ಅಜ್ಜನ ಹಿಂದಿನ ಎಂಟು ತಲೆಮಾರುಗಳನ್ನು ದೊಡ್ಡ ಹಾಳೆಯಲ್ಲಿ ಬರೆದು ಕಳಿಸಿದಳು. ಅಜ್ಜ ಊರಿಗೆ ವಾಪಸು ಹೋಗಿ ಮದುವೆಯಾಗಿ ಮೂರು ಮಕ್ಕಳನ್ನು ಪಡೆದು ಹಾಸಿಗೆಯ ಮೇಲೆ ನೆಮ್ಮದಿಯಾಗಿ ಸತ್ತಿದ್ದ. ಹಾಳೆಯ ಒಂದು ಬದಿಯಲ್ಲಿ ಮ್ಯಾನೇಜರ್ ಪೆನ್ಸಿಲಿನಿಂದ ಚುಕ್ಕೆ ಚುಕ್ಕೆಯ ಗೆರೆ ಎಳೆದು ಅಮ್ಮನ ಹೆಸರನ್ನೂ ಕೆಳಗೆ ನನ್ನ ಹೆಸರನ್ನೂ ಬರೆದುಕೊಟ್ಟ.

ಅಷ್ಟರಲ್ಲಿ ಅಮ್ಮ ಬಂದಾಗಿತ್ತು. ಅವಳಿಗೆ ದುಬೈ ಹಿಡಿಸಿತ್ತು ಎಂದೇ ಹೇಳಬೇಕು. ಸಂಜೆ ಮೊಮ್ಮಗಳ ಕೈ ಹಿಡಿದು ಅಬ್ರಾ ದೋಣಿಯಲ್ಲಿ ಆಚೆ ದಡಕ್ಕೆ ಹೋಗಿ, ಏನೂ ಕೊಳ್ಳದೆ, ಅದೇ ದೋಣಿಯಲ್ಲಿ ವಾಪಸು ಬರುತ್ತಿದ್ದಳು. ಶುಕ್ರವಾರ ರಜೆ, ಅವತ್ತೇ ಚರ್ಚಿನ ಪೂಜೆ. ಭಾನುವಾರ ಕೆಲಸಕ್ಕೆ ಹೋಗಿ ಶುಕ್ರವಾರ ಪೂಜೆಗೆ ಹೋಗುವುದು ಅವಳಿಗೆ ಕೊನೆಯವರೆಗೂ ತಮಾಷೆಯಾಗಿಯೇ ಇತ್ತು. ಸಿಸ್ಟರುಗಳು ಅವಳಿಗೆ ಕಲಿಸಿದ್ದ ವಿದ್ಯೆ ಹೊಲಿಗೆ. ಅದರಲ್ಲೇ ನನ್ನನ್ನು ಓದಿಸಿದ್ದಳು. ಹಳೆಯ ಕೈಮೆಷಿನ್ ಒಂದನ್ನು ತಂದುಕೊಟ್ಟೆ. ಕಟ್ಟಡದ ಹೆಂಗಸರ ರವಿಕೆಗಳು ನಮ್ಮ ಮನೆಗೆ ಬರತೊಡಗಿದವು.

ವಂಶಾವಳಿಯ ಹಾಳೆ ಬಂದ ಶುಕ್ರವಾರ, ಊಟ ಮುಗಿಸಿ, ಎಲ್ಲರೆದುರು ಬಿಚ್ಚಿ ತೋರಿಸಿದೆ. ಅಮ್ಮ ಕುಣಿದಾಡುತ್ತಾಳೆ ಎಂದುಕೊಂಡಿದ್ದೆನೋ ಏನೋ. ಏಳನೇ ಕ್ಲಾಸಿನ ಮಗಳು ಮಾತ್ರ ಅವಳ ಕೊರಳು ತಬ್ಬಿಕೊಂಡು, "ಅಜ್ಜಿ, ಯು ಆರ್ ಹಾಫ್ ಸ್ಕಾಟಿಷ್" ಎಂದಳು. ಅಮ್ಮ ಮಗುವಿನ ಕೈ ಮೆತ್ತಗೆ ಬಿಡಿಸಿ, ತಟ್ಟೆಗಳನ್ನು ತೆಗೆದುಕೊಂಡು ಅಡಿಗೆಮನೆಗೆ ಹೋದಳು. ನಾನು ಹಿಂದೆಯೇ ಹೋದೆ. ನಲ್ಲಿ ಬಿಟ್ಟುಕೊಂಡು, ನನ್ನ ಕಡೆ ತಿರುಗದೆ, "ಯಾರು ಕೇಳಿದ್ರು ನಿನ್ನ ಇದನ್ನೆಲ್ಲ?" ಎಂದಳು. ಋಷಿಮೂಲ ನದೀಮೂಲ ಹುಡುಕಬಾರದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ ಎಂದು ಹೆಂಡತಿ ಆಮೇಲೆ ನನಗೆ ಎಚ್ಚರಿಕೆ ಕೊಟ್ಟಳು. ನಾನು ಹಾಳೆಗೆ ಚೌಕಟ್ಟು ಹಾಕಿಸಿ ಹಾಲಿನ ಗೋಡೆಗೆ ನೇತುಹಾಕಿದೆ. ಮಾರನೆಯ ದಿನದಿಂದ ಅಮ್ಮ ತನ್ನ ಕುರ್ಚಿಯನ್ನು ಆ ಗೋಡೆಗೆ ಬೆನ್ನು ಮಾಡಿ ಹಾಕಿಕೊಂಡಳು. ಟಿವಿ ನೋಡಲು ಕುತ್ತಿಗೆ ತಿರುಗಿಸಬೇಕಾಗುತ್ತಿತ್ತು, ಆದರೂ ಹಾಗೇ ಕೂರುತ್ತಿದ್ದಳು.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ನನಗೆ ಕಿಲ್ಟು ಬೇಕಾಯಿತು. ಸ್ಕಾಟ್ಲೆಂಡಿನ ಗಂಡಸರು ಹಬ್ಬಹರಿದಿನಕ್ಕೆ ಉಡುವ, ಮೊಣಕಾಲಿನವರೆಗಿನ ನೆರಿಗೆಯ ಉಡುಪು ಅದು. ಒಂದೊಂದು ಮನೆತನಕ್ಕೆ ಒಂದೊಂದು ಚೌಕಳಿ. ನಮ್ಮ ಮನೆತನದ್ದು ಕಡುಹಸಿರು, ನೀಲಿ, ನಡುವೆ ತೆಳ್ಳಗಿನ ಬಿಳಿ ಗೆರೆ. ನಮ್ಮ ಮನೆತನ ಎಂದು ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತಿದ್ದೆ. ಅಲ್ಲಿಂದಲೇ ಬಟ್ಟೆ ತರಿಸುವುದು ನನ್ನ ಸಂಬಳಕ್ಕೆ ಎಟುಕುವ ಮಾತಲ್ಲ. ಬರ್ ದುಬೈಯ ಅಂಗಡಿಗಳಲ್ಲಿ ನಾಲ್ಕು ಶುಕ್ರವಾರ ಸುತ್ತಿ, ಹೆಚ್ಚುಕಡಿಮೆ ಹೋಲುವ ಒಂದು ಉಣ್ಣೆ ಬಟ್ಟೆಯನ್ನು ಎಂಟು ಗಜ ಕೊಂಡೆ. ಅಮ್ಮ ಅದನ್ನು ಬೆರಳಲ್ಲಿ ಹೊಸಕಿ ನೋಡಿ, ಕಾನ್ವೆಂಟ್ ಮಕ್ಕಳ ಯೂನಿಫಾರ್ಮಿನ ಬಟ್ಟೆ ಇದು ಎಂದಳು. ಹೊಲಿದು ಕೊಡು ಎಂದು ಅವಳನ್ನು ಕೇಳುವಷ್ಟು ಮುಖ ನನಗಿರಲಿಲ್ಲ.

ಗಲ್ಲಿಯ ಕೊನೆಯಲ್ಲಿ ಭಟ್ಕಳದ ಕಡೆಯ ದರ್ಜಿಯೊಬ್ಬರಿದ್ದರು. ಐವತ್ತು ದಾಟಿದವರು, ಅರಬರು ತೊಡುವ ಉದ್ದನೆಯ ಅಂಗಿ, ಕಂದೂರ, ಹೊಲಿಯುವುದರಲ್ಲಿ ಹೆಸರುವಾಸಿ. ಮ್ಯಾನೇಜರ್ ಕೊಟ್ಟಿದ್ದ ಒಂದು ಚಿತ್ರವನ್ನು ಅವರ ಮುಂದಿಟ್ಟೆ. ತುಂಬ ಹೊತ್ತು ನೋಡಿ, "ಇದೆಂತದು ಮಾರಾಯ್ರೆ, ನಮ್ಮ ಲುಂಗಿಗೇ ನೆರಿಗೆ ಇಟ್ಟ ಹಾಗೆ ಉಂಟಲ್ಲ" ಎಂದರು. ಮಾತು ಸರಿಯಾಗಿಯೇ ಇತ್ತು. ಕಿಲ್ಟಿಗೆ ಹಿಂದೆ ನೆರಿಗೆ, ಮುಂದೆ ಎರಡು ಸಪಾಟು ಪದರ, ಒಂದರ ಮೇಲೊಂದು. ಮೇಲಿನ ಪದರ ಯಾವ ಸೊಂಟಕ್ಕೆ ಬಂದು ಮುಗಿಯಬೇಕು ಎನ್ನುವುದು ಚಿತ್ರದಲ್ಲಿ ಕಾಣುತ್ತಿರಲಿಲ್ಲ, ಚಿತ್ರದ ಮನುಷ್ಯ ಕೋಟನ್ನು ಅಡ್ಡ ಹಿಡಿದಿದ್ದ. ದರ್ಜಿ ತಮಗೆ ಗೊತ್ತಿದ್ದ ಹಾಗೆ ಎಡಕ್ಕೆ ಹೊಲಿದರು. ನಮ್ಮ ಕರಾವಳಿಯಲ್ಲಿ ಮುಸಲ್ಮಾನರು ಲುಂಗಿಯ ತುದಿಯನ್ನು ಎಡಕ್ಕೆ ಸಿಕ್ಕಿಸುತ್ತಾರೆ, ಉಳಿದವರು ಬಲಕ್ಕೆ. ಅವರು ಹುಟ್ಟಿದಾಗಿನಿಂದ ಉಟ್ಟದ್ದು ಎಡಕ್ಕೆ, ಅವರ ಕೈಗೆ ಬೇರೆ ದಿಕ್ಕು ತೋಚಿರಲಾರದು. ತಪ್ಪು ಅವರದಲ್ಲ. ಮೊದಲ ಸಲ ಉಟ್ಟಾಗ ನನ್ನ ಕೈ ತಾನಾಗಿ ಬಲಸೊಂಟಕ್ಕೆ ಹೋಗಿ ತಡಕಾಡಿತು. ಏನೋ ತಿರುಗುಮುರುಗಾಗಿದೆ ಅನ್ನಿಸಿತು. ಆದರೆ ಸ್ಕಾಟ್ಲೆಂಡಿನ ಪದ್ಧತಿಯೇ ಹೀಗಿರಬೇಕು ಎಂದುಕೊಂಡೆ. ಮೂವತ್ತು ವರ್ಷ ಪಂಚೆ ಉಟ್ಟ ನನ್ನ ಸೊಂಟದ ಮಾತಿಗಿಂತ ನೋಡದ ಊರಿನ ಮೇಲೆ ನನಗೆ ಹೆಚ್ಚು ನಂಬಿಕೆ.

ನವೆಂಬರ್ ಕೊನೆಗೆ ಸ್ಕಾಟ್ಲೆಂಡಿನವರ ಸಂತನೊಬ್ಬನ ಹಬ್ಬ ಬರುತ್ತದೆ. ಆ ವರ್ಷ ಊಟ ಅಬುಧಾಬಿಯ ಒಂದು ಹೋಟೆಲಿನಲ್ಲಿತ್ತು, ಮ್ಯಾನೇಜರ್ ನನ್ನನ್ನೂ ಕರೆದ. ಹೆಂಡತಿ ಬರುವುದಿಲ್ಲ ಎಂದಳು. ಕಿಲ್ಟು ಉಟ್ಟು, ಮೊಣಕಾಲಿನವರೆಗೆ ಕಾಲುಚೀಲ ಏರಿಸಿ, ಅದರ ಜೊತೆ ಕಟ್ಟುವ ತೊಗಲಿನ ಚೀಲವನ್ನು ಮುಂದೆ ಇಳಿಬಿಟ್ಟು, ಲಿಫ್ಟಿನಲ್ಲಿ ಮಲಯಾಳಿ ವಾಚ್‌ಮನ್ನನ ಕಣ್ಣು ತಪ್ಪಿಸಿ ಕಾರು ಹತ್ತಿದೆ. ಶೇಖ್ ಜಾಯೆದ್ ರಸ್ತೆಯಲ್ಲಿ ಹೋಗುವಾಗ ಅಲ್ ಬರ್ಷಾದ ಬಳಿ ಆಗ ಇನ್ನೂ ಬರೀ ಮರಳು. ದಾರಿಯುದ್ದಕ್ಕೂ ಎಂಟು ತಲೆಮಾರಿನ ಹೆಸರುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡು ಹೋದೆ. ಯಾರಾದರೂ ಕೇಳಿದರೆ ತಡವರಿಸಬಾರದಲ್ಲ.

ಯಾರೂ ಕೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಒಬ್ಬ ವಯಸ್ಸಾದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದಳು. ಗಂಡಸರ ಕಿಲ್ಟು ಬಲಕ್ಕೆ ಮುಚ್ಚಬೇಕು, ಎಡಕ್ಕೆ ಮುಚ್ಚುವುದು ಹೆಂಗಸರದು, ನೀವು ಹೆಂಡತಿಯದ್ದನ್ನು ಉಟ್ಟುಕೊಂಡು ಬಂದಿದ್ದೀರಾ ಎಂದು ಕೇಳಿದಳು. ಸುತ್ತಲಿದ್ದವರು ನಕ್ಕರು. ಕೆಟ್ಟ ನಗುವಲ್ಲ, ಮದುವೆಮನೆಯಲ್ಲಿ ಅಳಿಯನನ್ನು ಚೇಷ್ಟೆ ಮಾಡುವಂಥ ನಗು. ನನ್ನ ಮ್ಯಾನೇಜರೂ ನಕ್ಕು ನನ್ನ ಹೆಗಲ ಮೇಲೆ ಕೈ ಹಾಕಿದ. ನನಗೆ ಮಾತ್ರ ಮೈ ಹಿಡಿಯಷ್ಟಾಯಿತು. ಕೋಟು ಬಿಚ್ಚಿ ಎಡತೋಳಿನ ಮೇಲೆ ಇಳಿಬಿಟ್ಟುಕೊಂಡು, ಊಟ ಮುಗಿಯುವವರೆಗೂ ಗೋಡೆಗೆ ಒರಗಿ ನಿಂತಿದ್ದೆ. ಕಾಲುಭಾಗ ರಕ್ತ ಆ ಬಾಗಿಲನ್ನು ದಾಟಿಸಲಿಲ್ಲ. ಪಾಪ, ಅವರಿಗೆ ಅದು ಗೊತ್ತೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಕಿಲ್ಟನ್ನು ಕಸದ ಚೀಲಕ್ಕೆ ತುರುಕಿ ಬಾಗಿಲ ಹತ್ತಿರ ಇಟ್ಟೆ. ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಅಡಿಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದಳು, ಕೇಳಿಸಿಕೊಂಡದ್ದು ನನಗೆ ಗೊತ್ತಿರಲಿಲ್ಲ. ಸಂಜೆ ಬಂದು ನೋಡಿದರೆ ಚೀಲ ಹೊರಗೆ ಹೋಗಿತ್ತು, ಕಿಲ್ಟು ಅಮ್ಮನ ತೊಡೆಯ ಮೇಲಿತ್ತು. ಅರ್ಧ ಬ್ಲೇಡು ಹಿಡಿದು ಹೊಲಿಗೆ ಬಿಚ್ಚುತ್ತಿದ್ದಳು.

ಬಟ್ಟೆಯ ನೇಯ್ಗೆ ಎರಡೂ ಮುಖ ಒಂದೇ ಎಂದು ಅವಳು ಮೊದಲ ದಿನವೇ ಕಂಡುಕೊಂಡಿದ್ದಳಂತೆ. ಸೊಂಟಪಟ್ಟಿ, ತೊಗಲಿನ ಪಟ್ಟಿ, ಅಂಚಿನ ಕುಚ್ಚು ಎಲ್ಲ ಬಿಚ್ಚಿ, ಒಳಗಿನ ಮಗ್ಗುಲನ್ನು ಹೊರಗೆ ತಿರುಗಿಸಿದಳು. ಆಮೇಲೆ ಪ್ರತಿಯೊಂದು ನೆರಿಗೆಯನ್ನೂ ಹೊಸದಾಗಿ ಹಿಡಿದಳು, ಮೆಷಿನ್ ಮುಟ್ಟಲಿಲ್ಲ, ಕೈಹೊಲಿಗೆ. ಚೌಕಳಿಯ ಬಿಳಿ ಗೆರೆ ಪ್ರತಿ ನೆರಿಗೆಯ ನಡುವೆಯೇ ಬರಬೇಕು. ಒಂದು ನೂಲಿನಷ್ಟು ಸರಿದರೆ ಪೂರ್ತಿ ಬಿಚ್ಚುತ್ತಿದ್ದಳು. ಅವಳ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು, ಸ್ಕೂಲಿಂದ ಬಂದ ಮಗಳು ಹತ್ತು ಸೂಜಿಗೆ ಒಟ್ಟಿಗೆ ದಾರ ಪೋಣಿಸಿಟ್ಟು ಹೋಗುತ್ತಿದ್ದಳು. ತಿಂಗಳುಗಟ್ಟಲೆ ಹಿಡಿಯಿತು. ಇಷ್ಟವಿಲ್ಲದ ಮೇಲೆ ಯಾಕಮ್ಮ ಮಾಡ್ತಿದೀಯ ಎಂದು ಒಂದು ದಿನ ಕೇಳಿದೆ.

"ಆ ಮನುಷ್ಯನಿಗೋಸ್ಕರ ಅಲ್ಲ ಕಣಪ್ಪ. ನನ್ನ ಮಗನ್ನ ನೋಡಿ ನಾಲ್ಕು ಜನ ನಗೋದು ನಂಗೆ ಬೇಡ. ನನ್ನ ನೋಡಿ ನಕ್ಕಿದ್ದು ಸಾಕು."

ಅಷ್ಟು ಹೇಳಿದವಳು ಅವತ್ತು ಯಾಕೋ ಇನ್ನೂ ಸ್ವಲ್ಪ ಹೇಳಿದಳು. ನಾನು ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದೆ, ಅವಳು ನೆರಿಗೆ ಹಿಡಿದು ಕೊಡುತ್ತಿದ್ದಳು. ಅವಳಿಗೆ ಆರು ವರ್ಷವಾಗುವವರೆಗೂ ಅವಳ ಅವ್ವನ ಜೊತೆ ತೋಟದ ಕೂಲಿಯವರ ಲೈನುಮನೆಯಲ್ಲೇ ಇದ್ದಳಂತೆ. ಅವ್ವ ಕಾಫಿ ಹಣ್ಣು ಕೊಯ್ಯುವ ಆಳು. ದೊರೆ ಊರಿಗೆ ಹೊರಟಾಗ ಮಗುವನ್ನು ಸಿಸ್ಟರುಗಳ ಹತ್ತಿರ ಬಿಡುವ ಏರ್ಪಾಟು ಮಾಡಿದ್ದ. ಕಾರು ಬಂದ ಬೆಳಿಗ್ಗೆ ಅವ್ವ ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ ಹಾಕಿ, ನಾನು ಬರೋವರೆಗೂ ಬಿಚ್ಚಬೇಡ ಎಂದಿದ್ದಳು. ಹೇನಾಗುತ್ತದೆಂದು ಸಿಸ್ಟರುಗಳು ಮೊದಲ ದಿನವೇ ಕೂದಲು ಕತ್ತರಿಸಿದರು. ಆಮೇಲೆ ಅವ್ವ ಎರಡು ಸಲ ಕಿತ್ತಳೆಹಣ್ಣು ಕಟ್ಟಿಕೊಂಡು ನಡೆದೇ ಬಂದಿದ್ದಳು, ಗೇಟಿನ ಒಳಗೆ ಬಿಡಲಿಲ್ಲ. ಮೂರನೆಯ ಸಲ ಬರಲಿಲ್ಲ. ಅಮ್ಮ ಇದನ್ನೆಲ್ಲ ಬೇರೆ ಯಾರದೋ ಸಂಗತಿಯೆಂಬಂತೆ, ನೆರಿಗೆಯ ಮೇಲಿಂದ ಕಣ್ಣೆತ್ತದೆ ಹೇಳಿದಳು. ಆಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಮೊದಲ ಸಲ ಗೋಡೆಯ ಕಡೆ ತಿರುಗಿ ಆ ಚೌಕಟ್ಟನ್ನು ನೋಡಿದಳು.

"ಅವನಪ್ಪ, ಅವನ ತಾತ, ಮುತ್ತಾತ, ಎಲ್ರೂ ಗೋಡೆ ಮೇಲಿದಾರೆ. ನಮ್ಮವ್ವಂಗೆ ಹೆಸರಿರಲಿಲ್ವಾ?"

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಏನಮ್ಮ ಅವರ ಹೆಸರು ಎಂದು ಕೇಳಿದೆ. ಅವಳು ಸೂಜಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು.

"ಹಿಂಗೆ ನಿಂತ್ಕೊಂಡು ಕೇಳ್ಬೇಡ. ಬರೀ ಹೆಸರು ತಗೊಂಡು ಏನ್ಮಾಡ್ತೀಯ? ಒಂದಿನ ಸಮಾಧಾನವಾಗಿ ಕೂತ್ಕೋ, ಅವಳ ವಿಷಯ ಎಲ್ಲಾ ಹೇಳ್ತೀನಿ. ಹೆಸರೂ ಹೇಳ್ತೀನಿ."

ಆಯ್ತಮ್ಮ ಎಂದೆ. ಇಸ್ತ್ರಿಪೆಟ್ಟಿಗೆ ಬಿಸಿಯಾಗಿತ್ತು, ಇನ್ನೂ ಆರು ನೆರಿಗೆ ಬಾಕಿ ಇದ್ದವು. ಅವನ್ನು ಮುಗಿಸಿದೆವು.

ಮುಂದಿನ ನವೆಂಬರಿಗೆ ಕಿಲ್ಟು ಬಲಕ್ಕೆ ಮುಚ್ಚಿತು. ಅದೇ ಹೋಟೆಲು, ಅದೇ ಜನ. ಒಬ್ಬ ಹಿರಿಯ ಬಂದು ನನ್ನ ಹಿಂದೆ ಬಗ್ಗಿ ನೆರಿಗೆಗಳನ್ನು ಮುಟ್ಟಿ ನೋಡಿ, ಇಂಥ ಕೈಹೊಲಿಗೆ ಈಗ ನಮ್ಮಲ್ಲೂ ಸಿಗುವುದಿಲ್ಲ, ಯಾರು ಹೊಲಿದದ್ದು ಎಂದ. ನಮ್ಮಮ್ಮ ಎಂದೆ. ಅವನು ನಿಮ್ಮ ಅಮ್ಮನ ಬಗ್ಗೆ ಹೇಳಿ ಎಂದ. ನಾನು ಬಾಯಿಪಾಠ ಮಾಡಿದ್ದ ಎಂಟು ತಲೆಮಾರುಗಳನ್ನು ಒಪ್ಪಿಸಿದೆ, ಒಂದಕ್ಕೂ ತಡವರಿಸಲಿಲ್ಲ. ಅವತ್ತು ವಾಪಸು ಬರುವಾಗ ನಾನು ಸಂತೋಷವಾಗಿದ್ದೆ ಎಂದು ಒಪ್ಪಿಕೊಳ್ಳಬೇಕು.

ಆಮೇಲೆ ನಾನು ಕಿಲ್ಟಿನ ಮನುಷ್ಯನೇ ಆಗಿಬಿಟ್ಟೆ. ಕ್ರಿಸ್‌ಮಸ್ಸಿಗೆ, ಮದುವೆಗಳಿಗೆ, ಕನ್ನಡದವರು ಸೇರುವ ರಾಜ್ಯೋತ್ಸವಕ್ಕೂ ಅದನ್ನೇ ಉಟ್ಟು ಹೋದೆ. ಫೋಟೋ ತೆಗೆಸಿಕೊಳ್ಳಲು ಜನ ಸಾಲಾಗಿ ನಿಲ್ಲುತ್ತಿದ್ದರು. ಕಾರ್ಖಾನೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿಗೆ ಸ್ಥಳಾಂತರವಾಯಿತು. ಹೋಗಿಬರುವುದಕ್ಕೇ ದಿನಕ್ಕೆ ಎರಡು ತಾಸು ಬೇಕು. ಶುಕ್ರವಾರ ಬಂದರೆ ಪೂಜೆ, ಊಟ, ನಿದ್ದೆ, ಯಾರದೋ ಮನೆಯ ಸಮಾರಂಭ. ಅಮ್ಮ ಒಂದೆರಡು ಸಲ ಊಟವಾದ ಮೇಲೆ, ಇವತ್ತು ಎಲ್ಲಿಗೂ ಹೋಗಲ್ವಾ ಎಂದು ಕೇಳಿದ್ದು ನೆನಪಿದೆ. ಯಾಕೆ ಕೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಈ ಕಾಗದವೂ ಸುಳ್ಳಾಗುತ್ತದೆ. ಅವಳು ಎಲ್ಲಿಗೆ ಹೋಗುತ್ತಾಳೆ, ಮನೆಯಲ್ಲೇ ಇರುತ್ತಾಳಲ್ಲ, ಮುಂದಿನ ವಾರ ಕೂತರಾಯಿತು ಎಂದುಕೊಂಡೆ. ಅದಲ್ಲದೆ ನನಗೆ ಆ ಕತೆ ಕೇಳಲು ಹೆದರಿಕೆಯೂ ಇತ್ತು. ಲೈನುಮನೆ, ಕಿತ್ತಳೆಹಣ್ಣು, ಮುಚ್ಚಿದ ಗೇಟು ಇವನ್ನೆಲ್ಲ ಪೂರ್ತಿ ಕೇಳಿದ ಮೇಲೆ ಕಿಲ್ಟು ಉಡುವುದು ಹೇಗೆ? ಒಂದೂವರೆ ವರ್ಷದ ಶುಕ್ರವಾರಗಳು ಹೀಗೆ ಕೈಬಿಟ್ಟುಹೋದವು.

ಒಂದು ಬೆಳಿಗ್ಗೆ ಅಮ್ಮ ಹಾಲು ಕಾಯಿಸುತ್ತಿದ್ದವಳು ಒಲೆಯ ಮುಂದೆಯೇ ಕುಸಿದಳು. ಬಲಭಾಗಕ್ಕೆ ಲಕ್ವ. ಹೆಂಡತಿ ಮನೆಯಲ್ಲಿದ್ದಳು, ಬೇಗ ಆಸ್ಪತ್ರೆಗೆ ಸೇರಿಸಿದೆವು. ಜೀವ ಉಳಿಯಿತು, ಮಾತು ಉಳಿಯಲಿಲ್ಲ. ನಾವು ಹೇಳಿದ್ದು ಅವಳಿಗೆ ಅರ್ಥವಾಗುತ್ತಿತ್ತು, ಹೌದೆಂದರೆ ರೆಪ್ಪೆ ಮುಚ್ಚಿ ತೆಗೆಯುತ್ತಿದ್ದಳು, ಅಲ್ಲವೆಂದರೆ ಮುಖ ಆಚೆ ಮಾಡುತ್ತಿದ್ದಳು. ಬರೆಯುತ್ತಾಳೇನೋ ಎಂದು ಎಡಗೈಗೆ ಪೆನ್ಸಿಲ್ ಕೊಟ್ಟೆ. ಅದು ಹಾಸಿಗೆಯ ಮೇಲೆ ಬಿತ್ತು.

ಆಗ ನನಗೆ ಸಮಯ ಸಿಕ್ಕಿತು. ರಜೆ ಹಾಕಿ ದಿನವಿಡೀ ಅವಳ ಪಕ್ಕದಲ್ಲಿ ಸಮಾಧಾನವಾಗಿ ಕೂತೆ. ಮೂರನೆಯ ದಿನ ಧೈರ್ಯ ಮಾಡಿ, ಅಮ್ಮ, ನಿಮ್ಮವ್ವನ ಹೆಸರು ನಾನೇ ಹುಡುಕ್ತೀನಿ, ಸರಿಯಾದದ್ದು ಬಂದಾಗ ರೆಪ್ಪೆ ಮುಚ್ಚು ಎಂದೆ. ನನಗೆ ಗೊತ್ತಿದ್ದ ಹೆಣ್ಣುಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದೆ. ನಮ್ಮೂರ ಕಡೆಯವು, ತೋಟದ ಲೈನುಗಳಲ್ಲಿ ಕೇಳಿದವು, ಗದ್ದೆ ನಾಟಿಯ ಹೆಂಗಸರವು, ದೇವತೆಗಳವು, ಹೂವಿನವು, ವಾರದ ದಿನಗಳವು. ಪ್ರತಿ ಹೆಸರಿಗೂ ಸ್ವಲ್ಪ ತಡೆದು ಅವಳ ಕಣ್ಣು ನೋಡುತ್ತಿದ್ದೆ. ಅವಳು ಮುಖ ಆಚೆ ಮಾಡುತ್ತಿದ್ದಳು. ಪಕ್ಕದ ಹಾಸಿಗೆಯ ಈಜಿಪ್ಟಿನ ಹೆಂಗಸು ನಾನು ಪ್ರಾರ್ಥನೆ ಹೇಳುತ್ತಿದ್ದೇನೆಂದು ತಿಳಿದು ತಾನೂ ಕಣ್ಣು ಮುಚ್ಚಿ ಕೂತಳು. ಐದನೆಯ ದಿನ ಒಂದು ಹೆಸರಿಗೆ ಅಮ್ಮನ ಕಣ್ಣಲ್ಲಿ ನೀರು ಬಂತು. ಇದೇನಾ ಅಮ್ಮ ಎಂದೆ, ರೆಪ್ಪೆ ಅಲುಗಲಿಲ್ಲ. ಮಾರನೆಯ ದಿನ ಅದೇ ಹೆಸರನ್ನು ಮತ್ತೆ ಹೇಳಿದೆ, ಮುಖ ಆಚೆ ಮಾಡಿದಳು. ಆ ನೀರು ಹೆಸರಿಗೆ ಬಂದದ್ದೋ, ತಲೆ ನರೆತ ಮಗ ಸಂತೆಯಲ್ಲಿ ಕೂಗುವವನ ಹಾಗೆ ಹೆಸರು ಕೂಗುವುದನ್ನು ನೋಡಲಾಗದೆ ಬಂದದ್ದೋ ನನಗೆ ಗೊತ್ತಿಲ್ಲ. ಮತ್ತೆ ನಾಲ್ಕು ದಿನಕ್ಕೆ, ಬೆಳಿಗ್ಗೆ ಹತ್ತರ ಹೊತ್ತಿಗೆ, ನರ್ಸು ಅವಳ ತಲೆ ಬಾಚುತ್ತಿದ್ದಾಗ ಹೋಗಿಬಿಟ್ಟಳು.

ಅವಳನ್ನು ಅಲ್ಲೇ ಮಣ್ಣು ಮಾಡುವುದೆಂದು ನಿರ್ಧಾರವಾಯಿತು. ಗಲ್ಫಿನಲ್ಲಿ ಸತ್ತವರಿಗೆ ಮೊದಲು ಕಾಗದದ ಕೆಲಸ, ಅಳು ಆಮೇಲೆ. ಆಸ್ಪತ್ರೆಯ ಚೀಟಿ, ಪೊಲೀಸರ ಚೀಟಿ ಹಿಡಿದುಕೊಂಡು ಮಧ್ಯಾಹ್ನ ಒಂದು ಟೈಪಿಂಗ್ ಸೆಂಟರಿಗೆ ಹೋದೆ. ಅರ್ಜಿಗಳನ್ನೆಲ್ಲ ಅಲ್ಲಿಯೇ ಟೈಪ್ ಮಾಡಿಸಬೇಕು. ಕೂತಿದ್ದವರು ನಮ್ಮ ಕರಾವಳಿಯ ಒಬ್ಬರು ಹಿರಿಯರು, ನನ್ನ ಕನ್ನಡ ಕೇಳಿ ಕುರ್ಚಿ ಎಳೆದು ಕೂರಿಸಿದರು. ತೀರಿಹೋದವರ ಹೆಸರು ಕೇಳಿದರು, ಹೇಳಿದೆ. ಹುಟ್ಟಿದ ಊರು ಕೇಳಿದರು, ಹೇಳಿದೆ. ಅವರ ತಂದೆಯ ಹೆಸರು ಕೇಳಿದರು. ಮೂರು ಪದಗಳನ್ನೂ ಒಂದೊಂದೇ ಅಕ್ಷರ ಬಿಡಿಸಿ, ಎರಡನೆಯದರಲ್ಲಿ ಉಚ್ಚಾರಕ್ಕೆ ಬಾರದ ಒಂದು ಅಕ್ಷರವಿದೆ ಎಂದು ಎಚ್ಚರಿಸಿ ಬರೆಸಿದೆ.

ಅವರ ತಾಯಿಯ ಹೆಸರು ಎಂದರು.

ಅವರು ಕಾದರು. ಬಾಟಲಿಯ ಮುಚ್ಚಳ ತೆಗೆದು ನೀರು ಕೊಟ್ಟರು. ಖಾಲಿ ಬಿಟ್ಟರೆ ಅರ್ಜಿ ತೆಗೆದುಕೊಳ್ಳುವುದಿಲ್ಲ, ಅಜ್ಜಿಯ ಹೆಸರಲ್ಲವಾ, ಊರಿಗೆ ಫೋನು ಮಾಡಿ ಯಾರನ್ನಾದರೂ ಕೇಳಿ ನೋಡಿ ಎಂದರು. ಕೇಳಲು ಯಾರೂ ಇಲ್ಲ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿಧಾನ ಮಾಡಿ ಸಾರ್. ತಾಯಿ ಹೋದ ದಿನ ಹಾಗೇ ಆಗ್ತದೆ, ಗೊತ್ತಿದ್ದದ್ದೂ ಮರೆತುಹೋಗ್ತದೆ."

"ಮರೆತದ್ದಲ್ಲ" ಎಂದೆ. "ಅಮ್ಮನಿಗೆ ಮಾತಿದ್ದಾಗ ನಾನು ಕೂತು ಕೇಳಲಿಲ್ಲ."